ಫೋನು ಯಾರ ಮಾತು ಕೇಳಬೇಕು

ದೇವಿದಾಸ ತಾಂಡೇಲ ತೀರಿಕೊಂಡ. 2009ರ ಡಿಸೆಂಬರಿನ ಒಂದು ಬೆಳಿಗ್ಗೆ, ಅಂಕೋಲೆಯ ಮೀನುಪೇಟೆಯಲ್ಲಿ, ಹೃದಯ ನಿಂತು. ಐವತ್ತು ತುಂಬಿರಲಿಲ್ಲ.

ಎದುರು ಸಿಕ್ಕವರ ಮುಖಕ್ಕಿಂತ ಮೊದಲು ಅವರ ಅಂಗಿಯ ಕಿಸೆಯನ್ನು ನೋಡುವ ಮನುಷ್ಯ ಅವನು. ಅಲ್ಲಿ ಮೊಬೈಲು ಕಂಡಿತೋ, ಕುಶಲ ಕೇಳುವುದು ಮರೆತುಹೋಗುತ್ತಿತ್ತು. "ಇದು ನಿಂದೋ, ಕಂಪನಿದೋ?" ಎನ್ನುತ್ತಿದ್ದ. ದುಡ್ಡು ಕೊಟ್ಟು ತಂದದ್ದು, ನನ್ನದೇ ಎಂದರೆ, "ಹಂಗಾರೆ ನೀ ಹೇಳಿದ್ದು ಕೇಳ್ತದ್ಯೋ?" ಎಂಬ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು. ಕಾರವಾರದ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವನು ಮದುಮಗನಿಗೂ ಇದನ್ನೇ ಕೇಳಿದ. ಹಿಂದಿದ್ದ ಸಾಲು ಊಟದ ಪಂಕ್ತಿ ತಪ್ಪಿತೆಂದು ಗೊಣಗಿತು.

ಕದ್ರಾದ ವಿದ್ಯುದಾಗಾರದಲ್ಲಿ ಅವನಿಗೆ ಮಾಪನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಎದುರುಗಾಳಿಗೆ ಮೈಯೊಡ್ಡಿದವನಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದ. ಬೇಸಗೆಯಲ್ಲೂ ಬಿಚ್ಚದ ಕಂದುಬಣ್ಣದ ಒಂದು ಜಾಕೀಟು, ಅದರ ನಾಲ್ಕು ಕಿಸೆಗಳಲ್ಲಿ ನಾಲ್ಕು ಫೋನು, ಅವುಗಳಲ್ಲಿ ಜೀವ ಇದ್ದದ್ದು ಯಾವುದಾದರೂ ಒಂದಕ್ಕೆ. ಮಾತನ್ನು ನಡುವಿನಿಂದಲೇ ಶುರುಮಾಡುವ ಅಭ್ಯಾಸ ಬೇರೆ. ಒಂದು ಮುಂಜಾನೆ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಲೇ, "ತೆರೆದಿಟ್ಟಿದ್ರು ಮಾರಾಯಾ, ಪೂರಾ ತೆರೆದಿಟ್ಟಿದ್ರು" ಎಂದ. ಅಣೆಕಟ್ಟೆಯ ಬಾಗಿಲೆಂದುಕೊಂಡು ನಾನು ಗಾಬರಿಯಾದೆ. ಅವನು ಹೇಳುತ್ತಿದ್ದುದು ಆಂಡ್ರಾಯ್ಡ್ ಎಂಬ ಹೊಸ ಫೋನು ವ್ಯವಸ್ಥೆಯ ಬಗ್ಗೆ: ಅದರ ಒಳಗೆ ಬರೆದಿರುವುದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಾವೇ ಬರೆದ ಪ್ರೋಗ್ರಾಮನ್ನು ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಫೋನಿಗೆ ಹಾಕಿಕೊಳ್ಳಬಹುದು. ಹೇಳುತ್ತ ಹೇಳುತ್ತ ಅವನ ಧ್ವನಿ ಏರಿತು, ಚಹಾ ಆರಿತು.

ಈ ಉತ್ಸಾಹದ ಹಿಂದೆ ಒಬ್ಬ ತಂಗಿ ಇದ್ದಳು. ಗಂಗೂ. ಐದನೆಯ ಇಯತ್ತೆ ಮುಗಿಸಿದ ವರ್ಷ ಜ್ವರ ಬಂದು ಅವಳ ಎರಡೂ ಕಿವಿ ಹೋದವು. ಮಾತು ಉಳಿಯಿತು, ಕನ್ನಡ ಓದುವುದೂ ಉಳಿಯಿತು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಗಂಡ ಬೀರುವಿನ ದೋಣಿ ಮಾಜಾಳಿಯ ದಡಕ್ಕೆ ಬರುತ್ತಿತ್ತು. ಇಂದು ಏನು ಸಿಕ್ಕಿದೆ, ಎಷ್ಟು ಬುಟ್ಟಿ ಟೆಂಪೋದಲ್ಲಿ ಬರುತ್ತಿದೆ ಎಂಬುದು ಬೆಳಗಿನಲ್ಲೇ ತಿಳಿದರೆ ತಾನೆ ಹೋಟೆಲಿನವರಿಗೆ ಮಾತು ಕೊಡುವುದು? ಆದರೆ ಕಿವುಡಿಗೆ ಫೋನು ಮಾಡುವುದು ಹೇಗೆ? ಬೀರು ಪಕ್ಕದ ಬುಟ್ಟಿಯ ನಾಗುವಿಗೆ ಮಾಡುತ್ತಿದ್ದ. ನಾಗು ಎಲ್ಲವನ್ನೂ ಕೇಳಿಸಿಕೊಂಡು, ಮೊದಲು ತನ್ನ ಗಿರಾಕಿಗಳನ್ನು ಹಿಡಿದು, ಆಮೇಲೆ ಗಂಗೂನತ್ತ ತಿರುಗಿ ತುಟಿಯಾಡಿಸುತ್ತಿದ್ದಳು. ತನ್ನ ಗಂಡನ ಮಾತು ಇನ್ನೊಬ್ಬಳ ಕಿವಿ ದಾಟಿ ಬರುವುದು ಗಂಗೂಗೆ ಎದೆಯ ಮುಳ್ಳಾಗಿತ್ತು.

ಮೆಸೇಜು ಕಳಿಸಿದರಾಯಿತು ಎಂದು ದೇವಿದಾಸ ಅವಳಿಗೊಂದು ಫೋನು ಕೊಡಿಸಿದ. ಕನ್ನಡದ ಜಾಗದಲ್ಲಿ ಬರೀ ಚೌಕಗಳು ಮೂಡಿದವು. ಅಕ್ಷರಗಳನ್ನು ತಾನೇ ಬಿಡಿಸಿ ತೋರಿಸುವ ಒಂದು ಪ್ರೋಗ್ರಾಮು ಬರೆದ. ಅನುಮತಿಯಿಲ್ಲದ ತಂತ್ರಾಂಶ ಎಂದು ಫೋನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂದು ಅವನಿಗೆ ಬಂದ ಸಿಟ್ಟನ್ನು ನಾನು ಮುಂದೆಂದೂ ಕಾಣಲಿಲ್ಲ. "ನನ್ ತಂಗಿ ಅವಳ ಗಂಡನ ಮಾತು ಓದೂಕೆ, ಯಾವ ಊರಿನ ಯಾವನ ಅನುಮತಿ ಬೇಕು?"

ಆಮೇಲೆ ಗೋವೆಗೆ ಹೋಗಿ, ಪ್ರವಾಸಿಗರು ಬಳಸಿ ಮಾರಿಹೋದ ಎರಡು ಆಂಡ್ರಾಯ್ಡ್ ಫೋನು ತಂದ. ಒಂದು ಬೀರುವಿಗೆ, ಒಂದು ಗಂಗೂಗೆ. ಪ್ರೋಗ್ರಾಮು ಒಳಗೆ ಹೋಯಿತು. ಮರುದಿನ ಬೆಳಿಗ್ಗೆ ಗಂಗೂನ ಸೊಂಟದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಿಕ್ಕಿಸಿದ್ದ ಫೋನು ಅದುರಿತು. ತೆಗೆದು ನೋಡಿದಳು. ಕನ್ನಡ. ಸಂತೋಷ ತಡೆಯಲಾರದೆ ಅವಳು ಶಾಲೆಯಲ್ಲಿ ಕಲಿತ ಹಾಗೆಯೇ, ಗಟ್ಟಿಯಾಗಿ, ಪೇಟೆಯ ಆ ತುದಿಗೆ ಕೇಳುವಂತೆ ಓದಿದಳು: "ಬಂಗಡೆ ಎಂಟು ಬುಟ್ಟಿ. ಇಸವಾಣ ಎರಡು. ಯಾರಿಗೂ ಹೇಳಬೇಡ."

ಪೇಟೆ ಬಿದ್ದು ಬಿದ್ದು ನಕ್ಕಿತು. ತನ್ನ ಧ್ವನಿ ಎಷ್ಟೆಂದು ಅವಳಿಗೆ ತಿಳಿಯುವುದು ಹೇಗೆ? ಓದುವುದೆಂದರೆ ಬಾಯಿಬಿಟ್ಟು ಓದುವುದು ಎಂದೇ ಅವಳು ಕಲಿತದ್ದು. ಸುದ್ದಿ ಮಾಜಾಳಿಗೂ ಮುಟ್ಟಿ, ಬೀರು ಕೋಪದಲ್ಲಿ ಇನ್ನೊಂದು ಮೆಸೇಜು ಕಳಿಸಿದ. ಅವಳು ಅದನ್ನೂ ಓದಿದಳು: "ಬಾಯಿ ಮುಚ್ಚಿಕೊಂಡು ಓದು."

ಇದನ್ನು ನನಗೆ ಹೇಳುವಾಗ ದೇವಿದಾಸನಿಗೆ ನಗುವಿನಲ್ಲಿ ಉಸಿರು ಸಿಕ್ಕುತ್ತಿರಲಿಲ್ಲ. ಗುಟ್ಟು ಹೋಯಿತಲ್ಲೋ ಎಂದೆ. "ಹೋಗ್ಲಿ. ಹೋಗಿದ್ದು ಅವಳ ಬಾಯಿಂದ. ಮೊದ್ಲು ನಾಗು ಬಾಯಿಂದ ಹೋಗ್ತಿತ್ತು" ಎಂದ. ಆ ವ್ಯತ್ಯಾಸ ಅವನಿಗೆ ಬಹಳ ದೊಡ್ಡದು.

ಕೆಲವರ ಪ್ರೀತಿ ಹೀಗಿರುತ್ತದೆ. ಒಳ್ಳೆಯದನ್ನು ಮಾಡಿಕೊಟ್ಟು ಕೈತೊಳೆದುಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಮಾಡಿಕೊಟ್ಟದ್ದರ ಯಜಮಾನಿಕೆಯನ್ನೂ ಬಿಟ್ಟುಕೊಟ್ಟು, ನೀವು ಅದನ್ನು ತಪ್ಪಾಗಿ ಬಳಸಿದರೂ ಹಿಗ್ಗುವವರು ಅಪರೂಪ. ಬದುಕಿರುವಾಗ ಅವರು ನಮಗೆ ಬರೀ ಗದ್ದಲದ ಮನುಷ್ಯರಾಗಿ ಕಾಣುತ್ತಾರೆ.

ಅವನು ತೀರಿಕೊಂಡ ಆ ಬೆಳಿಗ್ಗೆ ನಾನೂ ಅಂಕೋಲೆಯ ಪೇಟೆಯಲ್ಲಿದ್ದೆ. ನಾಗು, ಗೋವೆಯಲ್ಲಿ ಕೆಲಸಕ್ಕಿದ್ದ ತನ್ನ ಮಗಳು ಅಮಿತಾ ಕಳಿಸಿದ ಅಂಥದೇ ಆಂಡ್ರಾಯ್ಡ್ ಫೋನನ್ನು ಸೆರಗಿನಲ್ಲಿ ಒರೆಸುತ್ತ ತಂದು, "ದೇವಣ್ಣಾ, ನನ್ ಫೋನಿಗೂ ಆ ಕನ್ನಡ ಹಾಕ್ಕೊಡು. ಹುಡುಗಿ ಬರ್ದದ್ದು ನಂಗೂ ಓದ್ಬೇಕು" ಎಂದಳು.

"ನನ್ನ ಕೇಳ್ಬೇಡ. ಅದು ಗಂಗೂನ ಫೋನಲ್ಲಿ ಅದೆ, ಅವಳು ಕೊಡ್ತೆ ಅಂದ್ರೆ ಕೊಡ್ಲಿ."

ನಾಗು ತಿರುಗಿ ಗಂಗೂನ ಎದುರು ನಿಧಾನವಾಗಿ ತುಟಿಯಾಡಿಸಿದಳು. ಗಂಗೂ ಮೊದಲು ಕೈಯಲ್ಲಿದ್ದ ಇಸವಾಣವನ್ನು ಪೂರ್ತಿ ಕತ್ತರಿಸಿ ಮುಗಿಸಿದಳು. ವರ್ಷಗಟ್ಟಲೆ ತಡವಾಗಿ ಬಂದ ಸುದ್ದಿಗಳೆಲ್ಲ ಆ ಕತ್ತಿಯ ಕೆಳಗೆ ಹೋದಂತೆ ಕಂಡಿತು. ಆಮೇಲೆ ಕೈತೊಳೆದು, "ಕೊಡ್ತೆ. ಆದ್ರೆ ನೀನೂ ನನ್ನ ಹಂಗೇ ದೊಡ್ಡಕೆ ಓದ್ಬೇಕು" ಎಂದಳು.

"ಓದ್ರೆ ನಿಂಗೆ ಕೇಳ್ತದ್ಯನೇ?"

"ಬಾಯಿ ನೋಡ್ತೆ."

ಪ್ರೋಗ್ರಾಮು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಗಂಗೂ ಅಣ್ಣನತ್ತ ನೋಡಿದಳು. ದೇವಿದಾಸ ಅವಳಿಗೆ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ: "ಹಾಕ್ಲಾ, ಬೇಡ್ವಾ, ಅಂತ ಕೇಳ್ತದೆ."

ಬಿಸಿಲು ನೇರ ಪರದೆಗೆ ಬೀಳುತ್ತಿತ್ತು; ಒತ್ತುವ ಜಾಗ ಇಬ್ಬರು ಹೆಂಗಸರಿಗೂ ಕಾಣಿಸುತ್ತಿರಲಿಲ್ಲ. ದೇವಿದಾಸ ಮೀನು ಕಟ್ಟುವ ಹಳೆಯ ಪೇಪರಿನ ಒಂದು ಹಾಳೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಅವರ ಎರಡು ತಲೆಗಳ ಮೇಲೆ ನೆರಳು ಮಾಡಿ ನಿಂತ.