ಕೊರಗಪ್ಪನವರ ‘ಆಯ್ತಾ’

ಮೈಸೂರಿನ ನಮ್ಮ ಕಂಪನಿ ದೇಶದಾಚೆ ಹಿಡಿದ ಮೊದಲ ಕೆಲಸ ಒಮಾನಿನ ಅಲ್ ಅಮೇರಾತ್‌ನ ಒಂದು ಶಾಲಾ ಕಟ್ಟಡ. ಮುಖ್ಯ ಗುತ್ತಿಗೆ ಬ್ರಿಟಿಷ್ ಕಂಪನಿಯೊಂದರದು, ಅವರ ಕೈಕೆಳಗೆ ನಾವು. ಇಲ್ಲಿ ಹೆಸರು ಕೆಟ್ಟರೆ ಗಂಟುಮೂಟೆ ಕಟ್ಟುವುದೇ ಎಂದು ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಚೆನ್ನಾಗಿ ಗೊತ್ತಿತ್ತು. ಅಂಥದ್ದರಲ್ಲಿ, ಅವರು ಬಂದು ಕಂಬಿ ನೋಡುವ ಮೊದಲೇ ನಮ್ಮವರು ಸ್ಲ್ಯಾಬಿಗೆ ಕಾಂಕ್ರೀಟ್ ಸುರಿದುಬಿಟ್ಟರು!

“ಯಾರ್ರೀ ಹಾಕೋಕೆ ಹೇಳಿದ್ದು?” ಎಂದು ಹಾರಾಡಿದೆ.

ಫೋರ್‌ಮನ್ ಕೊರಗಪ್ಪ ಬೆಳ್ತಂಗಡಿಯವರು. “ನಂದೆಂತ ತಪ್ಪು ಸರ್? ಚಿತ್ರಾ ಮೇಡಮ್ಮಿಗೆ ಫೋನ್ ಮಾಡಿ ‘ಇನ್‌ಸ್ಪೆಕ್ಷನ್ ಆಯ್ತಾ’ ಅಂತ ಕೇಳಿದ್ದೇನೆ. ಆಯ್ತು ಅಂದ್ರು.”

ಸೈಟ್ ಇಂಜಿನಿಯರ್ ಚಿತ್ರಾ ನಂಜನಗೂಡಿನ ಹುಡುಗಿ. ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ ಸರ್, ಇವರು ಎಲ್ಲಾದಕ್ಕೂ ಕೊನೇಲಿ ‘ಆಯ್ತಾ’ ಅಂತಾರೆ. ನೀರು ತರಿಸಿ ಆಯ್ತಾ, ನಾಳೆ ಬೇಗ ಬನ್ನಿ ಆಯ್ತಾ! ಇನ್‌ಸ್ಪೆಕ್ಷನ್ ಮಾಡಿಸಿ ಅಂತ ನೆನಪು ಮಾಡ್ತಿದಾರೆ ಅಂದ್ಕೊಂಡು, ಸರಿ ಅನ್ನೋ ಅರ್ಥದಲ್ಲಿ ಆಯ್ತು ಅಂದೆ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇದನ್ನು ಬ್ರಿಟಿಷರಿಗೆ ಯಾವ ಬಾಯಲ್ಲಿ ಹೇಳಲಿ?

ಅವರ ಕ್ವಾಲಿಟಿ ಇನ್‌ಚಾರ್ಜ್ ಕ್ಲೇಟನ್ ಉಡುಪಿ ಕಡೆಯ ಶಿರ್ವದವರು, ಒಮಾನಿನಲ್ಲೇ ತಲೆ ನರೆತವರು. ಇಬ್ಬರನ್ನೂ ಅವರ ಬಳಿಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಮನುಷ್ಯ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೋ ಮೈಯೆಲ್ಲ ಉರಿಯಿತು.

ಆಮೇಲೆ ಎದ್ದು ತಮ್ಮ ಮ್ಯಾನೇಜರ ಕೋಣೆಗೆ ಹೋದರು. ಒಳಗಿನ ಕೂಗಾಟ ಹೊರಗೆ ನಿಂತ ನಮಗೆಲ್ಲ ಕೇಳಿಸಿತು. ನಮ್ಮನ್ನು ಕೆಲಸದಿಂದ ತೆಗೆಯಲೇಬೇಕೆಂದು ಮ್ಯಾನೇಜರ್. ಕಾಂಕ್ರೀಟಿನೊಳಗಿನ ಕಂಬಿಯನ್ನು ಸ್ಕ್ಯಾನ್ ಮಾಡಿ ನೋಡೋಣ, ತಪ್ಪಿದ್ದರೆ ಒಡೆಸೋಣ, ಇವರ ಹೊಣೆ ನನ್ನದು ಎಂದು ಕ್ಲೇಟನ್. ಕೊನೆಗೆ ಕ್ಲೇಟನ್ ಮಾತೇ ನಡೆಯಿತು.

ಸ್ಕ್ಯಾನಿನಲ್ಲಿ ಒಂದು ಮೂಲೆಯ ಕಂಬಿ ಮಾತ್ರ ಸರಿದಿತ್ತು. ಅಷ್ಟನ್ನು ಒಡೆದು ಮತ್ತೆ ಹಾಕಿದೆವು. ನಮ್ಮ ಕೆಲಸ ಉಳಿಯಿತು.

“ನಿಮಗ್ಯಾಕೆ ಸರ್ ಬೇಕಿತ್ತು ಈ ಉಸಾಬರಿ? ನಿಮ್ಮ ನೌಕರಿಗೇ ಕುತ್ತು ಬರ್ತಿತ್ತಲ್ಲ” ಎಂದೆ.

“ನಾನು ಇಲ್ಲಿಗೆ ಬಂದದ್ದು ಹೆಲ್ಪರ್ ಆಗಿ ಮಾರಾಯ್ರೆ” ಎಂದರು ಕ್ಲೇಟನ್. “ಆಗ ನಮ್ಮ ಕಡೆಯಿಂದ ಬರೀ ಜನ ಬರ್ತಾ ಇದ್ರು, ಇನ್ನೊಬ್ಬರ ಕೈಕೆಳಗೆ ದುಡಿಲಿಕ್ಕೆ. ಈಗ ಕಂಪನಿಯೇ ಬಂದಿದೆ. ಅದನ್ನು ನಾನೇ ಕೈಯಾರೆ ವಾಪಸ್ ಕಳಿಸುದಾ?”

ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ” ಎಂದೆ.