ಮಗ್ಗಿನ ಮೇಲಿನ ಮಾತು

ಸಾಯುವವನು ಕೊನೆಗೆ ಒಂದು ಒಳ್ಳೆಯ ಮಾತಾಡಬೇಕು. ಇಂಗ್ಲೆಂಡಿನ ಪಿಂಗಾಣಿ ಊರಾದ ಬರ್ಸ್ಲೆಮ್ಮಿನ ಮೆಥಡಿಸ್ಟ್ ಕ್ರೈಸ್ತರಲ್ಲಿ ಹಾಗೆಂದು ಯಾರೂ ಕಟ್ಟುಪಾಡು ಹಾಕಿರಲಿಲ್ಲ. ಆದರೆ ಮಾತಾಡದೆ ಸತ್ತವನ ಮನೆಯವರನ್ನು ಚಾಪೆಲ್ಲಿನಲ್ಲಿ ಜನ ಒಂದು ಥರ ನೋಡುತ್ತಿದ್ದರು.

ಈನಕ್ ಮಾಲ್ಕಿನ್‌ನ ಮಂಚದ ಮೇಲ್ಗಡೆ ಗೋಡೆಗೆ ಪಂಥ ಕಟ್ಟಿದ ವೆಸ್ಲಿಯವರ ಮರಣಶಯ್ಯೆಯ ಅಚ್ಚುಚಿತ್ರ ತೂಗುಹಾಕಿತ್ತು. ಹಾಸಿಗೆಯ ಸುತ್ತ ಜನ ಕಿಕ್ಕಿರಿದು ನಿಂತ ಚಿತ್ರ. ಬೀದಿಯ ಅರ್ಧ ಮನೆಗಳಲ್ಲಿ ಅದೇ ಇತ್ತು. ಹಾಗಾಗಿ ಈನಕ್‌ನ ಕೊನೆಗಳಿಗೆ ಬಂತೆಂದು ಸುದ್ದಿಯಾಗಿ ಜನ ಸೇರಿದಾಗ, ಎಲ್ಲಿ ನಿಲ್ಲಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಪಿಂಗಾಣಿಗೆ ಬೆರೆಸುವ ಚಕಮಕಿ ಕಲ್ಲನ್ನು ಪುಡಿ ಮಾಡುವುದು ಈನಕ್‌ನ ಕೆಲಸವಾಗಿತ್ತು. ಆ ಧೂಳು ಅವನ ಎದೆಯಲ್ಲಿ ಗಟ್ಟಿಯಾಗಿತ್ತು. ಪಾತ್ರೆ ಸುಡುವ ಗೂಡುಗಳ ಹೊಗೆ ನುಗ್ಗುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಥಂಡಿಯೆಂದು ಬಾಗಿಲೂ ಹಾಕಿತ್ತು.

"ಬಾಗಿಲು..." ಎಂದ ಈನಕ್. "ಬಾಗಿಲು ತೆಗೀರಿ."

ಸಭೆಯ ಹಿರಿಯ ಟನ್ನಿಕ್ಲಿಫ್ ಬಗ್ಗಿ ಕೇಳಿದ. "ಕಾಣ್ತಿದ್ಯಾ ಬ್ರದರ್? ಸ್ವರ್ಗದ ಬಾಗಿಲು ಕಾಣ್ತಿದ್ಯಾ?"

ಈನಕ್ ತಲೆ ಅತ್ತಿತ್ತ ಹೊರಳಿಸಿದ. ಮಗಳು ಟೇಮರ್ ಜನರ ನಡುವೆ ನುಸುಳಲು ನೋಡಿದಳು. ಟನ್ನಿಕ್ಲಿಫ್ ಅವಳ ತೋಳು ಹಿಡಿದ. "ಈಗ ಅಲುಗಾಡಬೇಡ ಮಗಳೇ." ಯಾರೋ ಸ್ತೋತ್ರಗೀತೆ ಎತ್ತಿದರು. ಹಾಡು ಮುಗಿಯುವಷ್ಟರಲ್ಲಿ ಈನಕ್ ಸತ್ತಿದ್ದ. ಅವನ ಬಾಯಿ ತೆರೆದೇ ಇತ್ತು.

ವಸಂತದಲ್ಲಿ ಚಾಪೆಲ್ಲಿನ ವಾರ್ಷಿಕೋತ್ಸವಕ್ಕೆ ನೆನಪಿನ ಮಗ್ಗು ಮಾಡಿಕೊಡಲು ಟನ್ನಿಕ್ಲಿಫ್ ಪಿಂಗಾಣಿ ಕಾರ್ಖಾನೆಗೆ ಹೇಳಿದ. ಒಂದು ಕಡೆ ವೆಸ್ಲಿಯವರ ಮುಖ. ಇನ್ನೊಂದು ಕಡೆ, 'ಬಾಗಿಲು ತೆರೆಯಿರಿ' ಎಂಬ ಮಾತು, ಕೆಳಗೆ ಈನಕ್‌ನ ಹೆಸರು. ತಾಮ್ರದ ತಗಡಿನಿಂದ ತೆಳುಕಾಗದಕ್ಕೆ ಇಳಿಸಿದ ಅಚ್ಚನ್ನು ಮಗ್ಗಿಗೆ ಅಂಟಿಸಿ ಬ್ರಷ್ಷಿನಿಂದ ಉಜ್ಜುವವಳು ಅಲ್ಲೇ ಕೆಲಸಕ್ಕಿದ್ದ ಟೇಮರೇ.

"ನಿಮ್ಮಪ್ಪ ಬದುಕಿದ್ದಾಗ ಇಷ್ಟು ಚೆಂದಾಗಿ ಮಾತಾಡಿದ್ದು ನಾನು ಕೇಳ್ಲೇ ಇಲ್ಲ ಕಣೇ," ಎಂದಳು ಪಕ್ಕದಲ್ಲಿ ಕಾಗದ ಕತ್ತರಿಸುತ್ತಿದ್ದ ಲೇಯಾ. "ನಮ್ಮಜ್ಜ ಸಾಯೋವಾಗ ಬೀರು ಕೇಳ್ದ. ಅದನ್ನ ಯಾವ ಮಗ್ಗಿಗೂ ಹಾಕ್ಲಿಲ್ಲ."

"ನಮ್ಮಪ್ಪ ಗಾಳಿ ಕೇಳ್ದ."

ಲೇಯಾಳ ಕತ್ತರಿ ನಿಂತಿತು. "ಹಂಗಂತ ಹೇಳಿದ್ಯಾ ಯಾರಿಗಾದ್ರೂ?"

"ಭಾನುವಾರ ಹೇಳ್ತೀನಿ. ಸಭೇಲಿ. ಮಗ್ಗು ಗೂಡಿಗೆ ಹೋಗೋದು ಸೋಮವಾರ. ಸುಟ್ಟ ಮೇಲೆ ಅಳಿಸೋಕಾಗಲ್ಲ."

ಶನಿವಾರ ಓಟ್ಸ್ ರೊಟ್ಟಿ ಬೇಯಿಸುತ್ತಿದ್ದ ತಾಯಿ ಡಾರ್ಕಸ್‌ಗೂ ಅದನ್ನೇ ಹೇಳಿದಳು. "ಅವ್ವ, ಅಪ್ಪ ಸ್ವರ್ಗ ಗಿರ್ಗ ಏನೂ ನೋಡ್ಲಿಲ್ಲ. ಉಸಿರು ಕಟ್ಟಿತ್ತು. ನಮ್ಮ ಮನೆ ಬಾಗಿಲು ತೆಗೀರಿ ಅಂದ."

"ಗೊತ್ತು."

"ಗೊತ್ತಾ?"

ಡಾರ್ಕಸ್ ರೊಟ್ಟಿ ಮಗುಚಿದಳು. "ಬಾಗಿಲಿಗೆ ಒರಗಿ ನಿಂತಿದ್ದವಳು ನಾನೇ. ಚಿಲಕ ಬೆನ್ನಿಗೆ ಒತ್ತುತಿತ್ತು. ಎಲ್ರೂ ಹಾಡ್ತಿದ್ರು. ಹಾಡಿನ ಮಧ್ಯೆ ಹೆಂಗೆ ತೆಗೀಲಿ ಅಂತ ನಿಂತೆ. ಮುಗೀಲಿ, ಆಮೇಲೆ ತೆಗಿಯೋಣ ಅಂತ."

ಟೇಮರ್ ಬಾಗಿಲಿನ ಚಿಲಕದ ಕಡೆ ನೋಡಿದಳು.

"ಅದು ಸ್ವರ್ಗದ ಬಾಗಿಲೇ ಆಗಿರ್ಲಿ ಬಿಡು. ಅದಲ್ಲ ಅಂದ್ರೆ ನಾನೇನು ಮಾಡ್ದಂಗಾಯ್ತು, ನೀನೇ ಹೇಳು," ಎಂದಳು ಡಾರ್ಕಸ್. ರೊಟ್ಟಿಯ ಅಂಚು ಸೀದಿತ್ತು. ಅದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಭಾನುವಾರ ಸಭೆ ಕೂತಿತು. ಟನ್ನಿಕ್ಲಿಫ್ ವಾಡಿಕೆಯಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತ ಬಂದ. ಅಲ್ಲಿ ಎಲ್ಲರೆದುರು ಇದ್ದದ್ದನ್ನು ಇದ್ದಂತೆ ಹೇಳಬೇಕು. ಅದಕ್ಕೇ ಆ ಸಭೆ ಇರುವುದು.

"ಸಿಸ್ಟರ್ ಟೇಮರ್, ನಿನ್ನ ಆತ್ಮ ಹೇಗಿದೆಯಮ್ಮ?"

ಪಕ್ಕದಲ್ಲಿ ಡಾರ್ಕಸ್ ಮುಂದೆ ನೋಡುತ್ತ ಕೂತಿದ್ದಳು. ಮಗಳ ಕಡೆ ತಿರುಗಲಿಲ್ಲ.

"ಚೆನ್ನಾಗಿದೆ, ಬ್ರದರ್."

"ಅಪ್ಪ ಸಾಯುವಾಗ ಕೊಟ್ಟ ಸಾಕ್ಷಿಯ ಬಗ್ಗೆ ಎರಡು ಮಾತು ಹೇಳ್ತೀಯಾ?"

"ಅಪ್ಪ ಹೇಳಿದ್ದನ್ನ ನೀವೆಲ್ಲ ಕೇಳಿದ್ದೀರಲ್ಲ," ಎಂದಳು ಟೇಮರ್.

"ದೇವರಿಗೆ ಸ್ತೋತ್ರ," ಎಂದು ಟನ್ನಿಕ್ಲಿಫ್ ಡಾರ್ಕಸ್‌ಳ ಕಡೆ ತಿರುಗಿದ.