ಭಾನುವಾರದ ಬುತ್ತಿ

ಆ ಭಾನುವಾರ ಸಂಜೆ ಫಿಬ್ಬಾ ಮರಗೆಣಸಿನ ರೊಟ್ಟಿಯನ್ನೂ ಎರಡು ತುಂಡು ಉಪ್ಪುಮೀನನ್ನೂ ಬಾಳೆಲೆಯಲ್ಲಿ ಸುತ್ತಿ, ಗಂಟು ಕಟ್ಟಿ ಗಂಡನ ಕೈಗಿಟ್ಟಳು. ಕ್ವಾಕೊ ಗಂಟನ್ನೇ ನೋಡುತ್ತ ನಿಂತ. ಆಮೇಲೆ ಮೂಲೆಯಲ್ಲಿದ್ದ ತನ್ನ ಕಂಬಳಿ, ಮಚ್ಚು ಎತ್ತಿಕೊಂಡು ಗುಡ್ಡದ ದಾರಿ ಹಿಡಿದ.

ಹನ್ನೆರಡು ವರ್ಷದಿಂದ ನಡೆದದ್ದೇ ಹೀಗೆ. ಅವನು ಗುಡ್ಡದಾಚೆಯ ಕಬ್ಬಿನ ತೋಟದ ಗುಲಾಮ, ಇವಳು ಈಚೆಯ ತೋಟದ ಗುಲಾಮಳು. ಶನಿವಾರ ಸಂಜೆ ದೊರೆಯ ಅನುಮತಿ ಚೀಟಿ ಹಿಡಿದು ಬರುತ್ತಿದ್ದ. ಭಾನುವಾರ ಬಿಸಿಲಿಳಿಯುವಾಗ ಹೊರಡದಿದ್ದರೆ ಬೆನ್ನಿಗೆ ಛಡಿಯೇಟು. ಮೊನ್ನೆ ಬುಧವಾರ ಪಾದ್ರಿ ಕಾನೂನು ಓದಿ ಹೇಳಿದ್ದ: ಜಮೈಕಾದಲ್ಲಿ ಇನ್ನು ಯಾರೂ ಯಾರ ಸ್ವತ್ತೂ ಅಲ್ಲ. ಆದರೂ ಕ್ವಾಕೊ ಬಂದದ್ದು ಶನಿವಾರವೇ. ಈ ಸಲ ಕಂಬಳಿ ಯಾಕೆ ತಂದೆ ಎಂದು ಇವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರಿಗೂ ನಾಚಿಕೆ.

ಪಕ್ಕದ ಗುಡಿಸಲಿನ ಮುದುಕಿ ಬೆನೆಬಾ ಹೊಸಿಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

"ಏನೇ ಫಿಬ್ಬಾ, ಬುತ್ತಿ ಕಟ್ಟಿ ಗಂಡನ್ನ ಓಡಿಸ್ತಿದ್ದೀಯಾ? ಅಲ್ಲಿ ಅವನಿಗೋಸ್ಕರ ಯಾವ ದೊರೆ ಕಾಯ್ತಾ ಕೂತವ್ನೆ ಈಗ?"

ಫಿಬ್ಬಾ ತನ್ನ ಕೈ ನೋಡಿಕೊಂಡಳು. ಹಾಳಾದ ಕೈ! ತಲೆವಸ್ತ್ರ ಜಾರುವುದೂ ತಿಳಿಯದಂತೆ ಓಡಿದಳು. ಅವನು ಆಗಲೇ ಹಳ್ಳ ದಾಟುತ್ತಿದ್ದ.

"ನಿಂತ್ಕೊ! ಎಲ್ಲಿಗೆ ಹೊಂಟೆ?"

"ನೀನೇ ಬುತ್ತಿ ಕೊಟ್ಟೆಯಲ್ಲ," ಎಂದ ಕ್ವಾಕೊ, ತಿರುಗದೆ. "ನಿಂಗೆ ಈ ಮನುಷ್ಯನ ಸಹವಾಸ ವಾರಕ್ಕೊಂದಿನ ಸಾಕು ಅನ್ನಿಸ್ತೇನೋ ಅಂದ್ಕೊಂಡೆ."

"ಕೈಯೇ ಬುತ್ತಿ ಕಟ್ಬಿಡ್ತು ಮಾರಾಯ, ನಾನಲ್ಲ. ಹನ್ನೆರಡು ವರ್ಷದ ಅಭ್ಯಾಸ ಅದಕ್ಕೆ."

ಅವನು ಮೆಲ್ಲಗೆ ತಿರುಗಿದ. "ನಿನ್ನ ಸೋಮವಾರ ಹೆಂಗಿರ್ತದೋ ನಾ ಕಂಡಿಲ್ಲ ಕಣೆ. ನನ್ನದೂ ನೀ ಕಂಡಿಲ್ಲ. ಬೇಜಾರಾದ್ರೆ?"

"ಸೋಮವಾರ ನಾನು ಸಿಡುಕಿ. ಮಂಗಳವಾರ ಇನ್ನೂ ಸಿಡುಕಿ. ಬಾ, ಅನುಭವಿಸು."

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ಅಳು ಬಂತು. ಅವನು ಇನ್ನೊಂದು ತಿರುವು ದಾಟಿದ್ದರೆ ತಾನೇ ತನ್ನ ಬಾಳನ್ನು ಗುಡ್ಡದಾಚೆಗೆ ಕಳಿಸಿಬಿಡುತ್ತಿದ್ದಳು. ಹಳ್ಳದ ದಂಡೆಯಲ್ಲಿ ಕೂತು ಇಬ್ಬರೂ ರೊಟ್ಟಿ ತಿಂದು ಮನೆಗೆ ಬಂದರು.

ಮರುದಿನ ಹೊತ್ತು ಮಾರುದ್ದ ಏರಿದರೂ ಕ್ವಾಕೊ ಬಾಯಿ ತೆರೆದುಕೊಂಡು ಮಲಗೇ ಇದ್ದ. ಬಾಗಿಲಲ್ಲಿ ಕೋಳಿಯೊಂದು ಕೊಕ್ಕೊಕ್ಕೋ ಎಂದಿತು. ಫಿಬ್ಬಾ ತುಟಿಯ ಮೇಲೆ ಬೆರಳಿಟ್ಟು ಅದನ್ನು ಮೆಲ್ಲಗೆ ಅಂಗಳಕ್ಕೆ ಅಟ್ಟಿದಳು.